ಮೊದಲು 'ರ', ಆಮೇಲೆ 'ಅ': ಮನೆಯಲ್ಲಿ ಕನ್ನಡ ಓದಿಸುವವರಿಗೆ ಒಂದನೇ ಕ್ಲಾಸಿನಿಂದ ಕೆಲವು ಮಾತು

ಒಂದನೇ ಕ್ಲಾಸಿಗೆ ಬರುವ ಹೆಚ್ಚಿನ ಮಕ್ಕಳಿಗೆ 'ಅ'ದಿಂದ 'ಳ'ದವರೆಗೆ ಬಾಯಿಪಾಠ ಬರುತ್ತದೆ. ಕೆಲವರು 49 ಅಕ್ಷರವನ್ನೂ ಸಾಲಾಗಿ ಬರೆದೇ ತೋರಿಸುತ್ತಾರೆ. ಆದರೆ ಬೋರ್ಡಿನ ಮೇಲೆ 'ರ' ಒಂದನ್ನೇ ಬರೆದು "ಇದು ಯಾವುದು?" ಎಂದರೆ ಮಗು 'ಯ'ದಿಂದ ಹಾಡಲು ಶುರುಮಾಡಿ 'ರ' ಬಂದಾಗ ನಿಲ್ಲುತ್ತದೆ. ಹಾಡು ಗೊತ್ತಿದೆ, ಅಕ್ಷರದ ಗುರುತು ಇನ್ನೂ ಸಿಕ್ಕಿಲ್ಲ. ಮನೆಯವರು ಕಷ್ಟಪಟ್ಟು ಕಲಿಸಿರುತ್ತಾರೆ, ಕ್ರಮ ಮಾತ್ರ ಮಗುವಿಗೆ ಒಗ್ಗಿರುವುದಿಲ್ಲ.

ಸರ್ಕಾರಿ ಶಾಲೆಗಳಲ್ಲಿ ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ಪಾಠ ಶುರುವಾಗುವುದು ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ. ಇವುಗಳ ರೂಪ ಸುಲಭ. ಜತೆಗೆ ಕೂಡಲೇ ಪದಗಳೂ ಹುಟ್ಟುತ್ತವೆ: ಸರ, ರಸ, ದರ, ಅರಸ, ಗರಗಸ. ಇದಕ್ಕೆ ಜ, ವ, ಮ, ಬ, ನ ಸೇರಿದರೆ ಮರ, ದನ, ಜನ, ನಗರ, ಬಸವ, ಅವಸರ ಎಂದು ಪದಗಳು ಇಪ್ಪತ್ತು ದಾಟುತ್ತವೆ. "ಬಸವನ ದನ" ಎಂದು ಎರಡು ಪದ ಜೋಡಿಸಿಯೂ ಓದಬಹುದು. ವರ್ಣಮಾಲೆಯ ಕ್ರಮದಲ್ಲೇ ಹೋದರೆ ಮೊದಲ ಹದಿಮೂರೂ ಸ್ವರಗಳೇ. ಅವುಗಳಲ್ಲಿ ಓದಲು ಒಂದು ಪದವೂ ಸಿಗುವುದಿಲ್ಲವೆಂದೇ ಹೇಳಬೇಕು, ಅಷ್ಟರಲ್ಲಿ ಮಗುವಿಗೆ ಸಾಕಾಗಿರುತ್ತದೆ.

ಹಳೆಯ ಮದುವೆ ಕಾಗದಗಳ ಹಿಂಬದಿಯನ್ನು ಆರು ಸೆಂಟಿಮೀಟರ್ ಚೌಕಗಳಾಗಿ ಕತ್ತರಿಸಿ, ಒಂದೊಂದರಲ್ಲಿ ಒಂದೊಂದು ಅಕ್ಷರವನ್ನು ದಪ್ಪ ಪೆನ್ನಿನಲ್ಲಿ ಬರೆಯಿರಿ. 'ಗ' ಎರಡು ಬೇಕು, ಇಲ್ಲದಿದ್ದರೆ ಗರಗಸ ಆಗುವುದಿಲ್ಲ. ನೀವು ಪದ ಹೇಳಿ, ಮಗು ಕಾರ್ಡು ಜೋಡಿಸಲಿ. ಆಮೇಲೆ ಮಗು ಜೋಡಿಸಿದ್ದನ್ನು ನೀವು ಓದಿ. ದಿನಕ್ಕೆ ಹದಿನೈದು ನಿಮಿಷ ಸಾಕು. ಒಂದು ಗುಂಪಿನ ಅಕ್ಷರಗಳನ್ನು ಹಿಂದುಮುಂದಾಗಿ ಕೇಳಿದರೂ ತಡವರಿಸದೆ ಹೇಳುವವರೆಗೆ ಮುಂದಿನ ಗುಂಪಿಗೆ ಕೈ ಹಾಕಬೇಡಿ.

ಬರೆಸುವಾಗ ನಾವು ತುಂಬ ಜಾಗ್ರತೆ ಮಾಡುವುದು ತಲೆಕಟ್ಟಿನಲ್ಲಿ. 'ಗ' ಬರೆಯುವಾಗ ಮೊದಲು ಮೈ, ಕೊನೆಗೆ ತಲೆಕಟ್ಟು. ಇದು ಬರೀ ಅಂದಕ್ಕಲ್ಲ. 'ಗ' 'ಗಿ' ಆಗುವಾಗ ತಲೆಕಟ್ಟು ಹೋಗಿ ಆ ಜಾಗಕ್ಕೆ ಗುಡಿಸು ಬರುತ್ತದೆ, 'ಗೆ' ಆಗುವಾಗ ಎತ್ವ ಬರುತ್ತದೆ. ತಲೆಕಟ್ಟನ್ನೂ ಮೈಯನ್ನೂ ಒಂದೇ ಎಂದು ತಿಳಿದ ಮಗು ತಲೆಕಟ್ಟನ್ನು ಹಾಗೇ ಇಟ್ಟು ಅದರ ಮೇಲೊಂದು ಗುಡಿಸು ಏರಿಸುತ್ತದೆ. ಹಾಗಾಗಿ ಸ್ಲೇಟಿನಲ್ಲಿ 'ಗ' ಬರೆದು, ತಲೆಕಟ್ಟನ್ನು ಮಾತ್ರ ಬೆರಳಿನಿಂದ ಒರೆಸಿ, ಅಲ್ಲೇ ಗುಡಿಸು ಹಾಕಿಸಿ. ಮತ್ತೆ ಒರೆಸಿ ಎತ್ವ ಹಾಕಿಸಿ. ಈ ಒರೆಸಾಟ ಹತ್ತು ಸಲ ಆದರೆ ಕಾಗುಣಿತದ ಅರ್ಧ ಕಷ್ಟ ಅಲ್ಲಿಗೇ ಮುಗಿಯುತ್ತದೆ. ಜ, ಬ, ಲ, ಣ ಇವಕ್ಕೆ ತಲೆಕಟ್ಟಿಲ್ಲ, ಅವನ್ನು ಬೇರೆಯಾಗಿಯೇ ತೋರಿಸಿ. ಕೊಂಬಿನಲ್ಲಿ ಪು, ವು ಎರಡನ್ನು ಗಮನಿಸಿ: ಕು, ಗು, ದು ಬರೆಯುವಾಗ ಪಕ್ಕಕ್ಕೆ ಬರುವ ಕೊಂಬು ಇಲ್ಲಿ ಕೆಳಕ್ಕೆ ಇಳಿಯುತ್ತದೆ. 'ವ'ದ ಪಕ್ಕದಲ್ಲೇ ಕೊಂಬು ಎಳೆದರೆ ಅದು 'ಮ' ಆಗಿಬಿಡುತ್ತದೆ, 'ಹಾವು' ಹೋಗಿ 'ಹಾಮ' ಆಗುತ್ತದೆ.

ಒತ್ತಕ್ಷರಕ್ಕೆ ಎಲ್ಲರೂ ಮೊದಲು ಹಿಡಿಯುವುದು 'ಅಮ್ಮ'. ಪ್ರೀತಿಯ ಪದ ನಿಜ, ಆದರೆ ಶುರುವಿಗೆ ಕಷ್ಟದ್ದು. ತ, ನ, ಮ, ಯ, ರ, ಲ ಈ ಆರರ ಒತ್ತು ಮೂಲ ಅಕ್ಷರದ ಹಾಗೆ ಕಾಣುವುದೇ ಇಲ್ಲ. ಅಕ್ಕ, ಅಪ್ಪ, ಹಗ್ಗ, ಡಬ್ಬ ಇವುಗಳಲ್ಲಿ ಒತ್ತು ಎಂದರೆ ಅದೇ ಅಕ್ಷರ, ಸಣ್ಣದಾಗಿ, ತಲೆಕಟ್ಟಿಲ್ಲದೆ. ಇವು ಗಟ್ಟಿಯಾದ ಮೇಲೆ ಕತ್ತೆ, ಅನ್ನ, ಅಮ್ಮ, ವಾಕ್ಯ, ಚಕ್ರ, ಬೆಲ್ಲ ಎಂಬ ಆರು ಪದಗಳನ್ನು ಗೋಡೆಗೆ ಅಂಟಿಸಿ. 'ಕತ್ತೆ'ಯನ್ನು ಮಕ್ಕಳು 'ಕತೆತ' ಎಂದು ಓದುತ್ತಾರೆ, ಅದಕ್ಕೆ ಕಾರಣವಿದೆ: ಕಣ್ಣಿಗೆ ಮೊದಲು ಸಿಗುವುದು 'ತೆ', ಒತ್ತು ಆಮೇಲೆ. ಬಾಯಲ್ಲಿ ಮಾತ್ರ 'ಎ' ಕೊನೆಗೆ ಬರಬೇಕು. ಮೂರು ಹೆಜ್ಜೆಯಲ್ಲಿ ಬರೆದು ಓದಿಸಿ: ತ, ತ್ತ, ತ್ತೆ. ಒತ್ತು ಕೊಟ್ಟ ಮೇಲೆ ತಲೆಕಟ್ಟು ಒರೆಸಿ ಎತ್ವ. ಬೈದು ತಿದ್ದಿದರೆ ಮಗು ಓದುವುದನ್ನು ಬಿಟ್ಟು ನಿಮ್ಮ ಮುಖ ನೋಡಿ ಊಹಿಸಲು ಶುರುಮಾಡುತ್ತದೆ.

ನಮ್ಮ ಉಡುಪಿ-ಮಂಗಳೂರು ಕಡೆ ಮನೆಮಾತು ತುಳು, ಕೊಂಕಣಿ, ಬ್ಯಾರಿ. ಅದನ್ನು ಬಿಟ್ಟು ಕನ್ನಡದಲ್ಲೇ ಮಾತಾಡಿ ಎಂದು ನಾವು ಹೇಳುವುದಿಲ್ಲ. ಮಗು 'ಹುಲಿ' ಓದಿದ ಕೂಡಲೇ ತುಳುವಿನಲ್ಲಿ "ನಮ್ಮ ಪಿಲಿ" ಎಂದುಬಿಡಿ, ಅರ್ಥ ಕೂತುಕೊಳ್ಳುತ್ತದೆ. ಅರ್ಥ ಗೊತ್ತಿಲ್ಲದ ಪದವನ್ನು ಸರಿಯಾಗಿ ಓದಿದರೂ ಮಗು ಮುಂದಿನ ಸಲ ಅದನ್ನು ಗುರುತಿಸುವುದಿಲ್ಲ. ಉಕ್ತಲೇಖನದಲ್ಲಿ 'ನೀರು' 'ನೀರ' ಆಗುವುದು, 'ಕಲ್ಲು' 'ಕಲ್ಲ' ಆಗುವುದು ಇಲ್ಲಿ ಮಾಮೂಲು. ತುಳುವಿನಲ್ಲಿ ಅವು ನೀರ್, ಕಲ್ಲ್. ಕೊನೆಯ ಅರೆಸ್ವರ ಪೂರ್ತಿ 'ಉ' ಅಲ್ಲ. ಮಗು ತನ್ನ ಕಿವಿಗೆ ಬಿದ್ದದ್ದನ್ನೇ ಬರೆದಿರುತ್ತದೆ. ಕೊನೆಯ 'ಉ'ವನ್ನು ಸ್ವಲ್ಪ ಎಳೆದು ಹೇಳಿ ಬರೆಸಿ, ಕೊಂಬು ತಾನಾಗಿ ಬರುತ್ತದೆ.

ವಿಜಯದಶಮಿಗೆ ಕೊಲ್ಲೂರಿನಲ್ಲಿ ಅಕ್ಷರಾಭ್ಯಾಸ ಮಾಡಿಸಿದವರು ಮನೆಯಲ್ಲೂ ಹರಿವಾಣ ಇಟ್ಟುಕೊಳ್ಳಿ. ಆದರೆ ಅಕ್ಕಿಕಾಳು ದಪ್ಪವಾದ್ದರಿಂದ ಸುಳಿಗಳು ಮುಚ್ಚಿಹೋಗುತ್ತವೆ. ಸಣ್ಣ ರವೆ ಅಥವಾ ಜರಡಿ ಹಿಡಿದ ಒಣ ಹೊಯಿಗೆ (ಮರಳು) ಅರ್ಧ ಸೆಂಟಿಮೀಟರ್ ಹರಡಿದರೆ ಬೆರಳಿನ ಗೆರೆ ಚೆನ್ನಾಗಿ ಕಾಣುತ್ತದೆ. ಸ್ಲೇಟಿಗೆ ಉದ್ದ ಕಡ್ಡಿ ಕೊಟ್ಟರೆ ಮಗು ಮುಷ್ಟಿಯಲ್ಲಿ ಹಿಡಿಯುತ್ತದೆ. ಎರಡು ಸೆಂಟಿಮೀಟರ್ ತುಂಡು ಕೊಟ್ಟರೆ ಬೆರಳಲ್ಲಿ ಹಿಡಿಯದೆ ಬೇರೆ ದಾರಿಯಿಲ್ಲ. ಪುಸ್ತಕದಲ್ಲಿ ಒಂದು ಗೆರೆ ಬಿಟ್ಟು ಒಂದು ಗೆರೆಯಲ್ಲಿ ಬರೆಸಿ, ಒತ್ತಿಗೆ ಕೆಳಗೆ ಜಾಗ ಬೇಕು. "ಹತ್ತು ಸಲ ನೋಡಿ ಬರೆ" ಬೇಡ. ಮೂರನೇ ಸಲಕ್ಕೆ ಮಗು ಓದದೆ ಗೆರೆ ಎಳೆಯುತ್ತಿರುತ್ತದೆ. ಪದ ನೋಡಲಿ, ಕೈಯಿಂದ ಮುಚ್ಚಲಿ, ಬರೆಯಲಿ, ತೆರೆದು ತಾನೇ ನೋಡಿಕೊಳ್ಳಲಿ.

ಎರಡನೇ ತರಗತಿಯ ಮಗು ನಿಮಿಷಕ್ಕೆ 45ರಿಂದ 60 ಪದ ಓದಬೇಕು ಎಂಬ, ಕೇಂದ್ರ ಸರ್ಕಾರದ ಓದು-ಲೆಕ್ಕದ ಯೋಜನೆಯಾದ ನಿಪುಣ್ ಭಾರತ್‌ನ ಗುರಿ ಕೇಳಿ ಗಡಿಯಾರ ಹಿಡಿದು ಕೂರಬೇಡಿ. ಕನ್ನಡದಲ್ಲಿ 'ಆಡುತ್ತಿದ್ದವರಿಗೆ' ಕೂಡ ಒಂದೇ ಪದ. ಗಳು, ಲ್ಲಿ, ನ್ನು, ತ್ತಾರೆ ಎಂಬ ಬಾಲಗಳನ್ನು ಒಂದೇ ನೋಟಕ್ಕೆ ಗುರುತಿಸುವುದು ಬಂದರೆ ವೇಗ ತಾನಾಗಿ ಕೂಡುತ್ತದೆ.

ದುಡ್ಡಿಲ್ಲದೆ ಸಿಗುವ ಪಾಠವೆಂದರೆ ಉಡುಪಿ-ಮಂಗಳೂರು ಕಡೆಯ ಬಸ್ಸಿನ ಬೋರ್ಡುಗಳಲ್ಲಿರುವ ಊರುಗಳ ಹೆಸರು. ಕಟಪಾಡಿ, ಕಾಪು, ಹೆಜಮಾಡಿ, ಉಡುಪಿ, ಮಣಿಪಾಲ ಎಲ್ಲ ಬರೀ ಕಾಗುಣಿತ. ಮಂಗಳೂರು, ಕುಂದಾಪುರಕ್ಕೆ ಸೊನ್ನೆ ಸೇರುತ್ತದೆ. ಮಲ್ಪೆ, ಮೂಲ್ಕಿ, ಪಡುಬಿದ್ರಿಗೆ ಒತ್ತು ಬೇಕು. ಕಾರ್ಕಳದಲ್ಲಿ ಅರ್ಕಾವೊತ್ತು. ಅದನ್ನು ಬರೆಯುವುದು 'ಕ'ದ ನಂತರ, ಓದುವುದು ಮೊದಲು, ಹಾಗಾಗಿ ಒಮ್ಮೆ ಬೆರಳಿಟ್ಟು ತೋರಿಸಲೇಬೇಕು. ಎರಡು ಒತ್ತಿರುವ ಬ್ರಹ್ಮಾವರ ಕೊನೆಗಿರಲಿ. ಓಡುವ ಬಸ್ಸಿನ ಬೋರ್ಡು ಕೇಳಬೇಡಿ, ಸ್ಟ್ಯಾಂಡಿನಲ್ಲಿ ನಿಂತದ್ದನ್ನು ಕೇಳಿ. ಓದಿ ಮುಗಿಸಲು ಮಗುವಿಗೆ ಅರ್ಧ ನಿಮಿಷವಾದರೂ ಬೇಕು.