‘ಸ್ಲೀಪಿಂಗ್ ಕಂಫರ್ಟಬ್ಲಿ’ ಎಂದು ಬರೆದಿದ್ದೆ

ಬೆಡ್ 14. ರಾತ್ರಿ ಒಂದೂವರೆಗೆ ನೈಟ್ ರಿಪೋರ್ಟ್‌ನಲ್ಲಿ ನಾನು ಬರೆದದ್ದು ಎರಡೇ ಪದ. ಇವತ್ತಿಗೂ ಇನ್‌ಚಾರ್ಜ್ ಸಿಸ್ಟರ್ ಆ ಎರಡು ಪದ ಹೇಳಿ ನಗುತ್ತಾರೆ. ನನಗೆ ನಗು ಬರುವುದಿಲ್ಲ.

ಮೇಲ್ ಮೆಡಿಕಲ್ ವಾರ್ಡಿನಲ್ಲಿ ಅವತ್ತು 34 ಜನ, ನೈಟ್‌ಗೆ ನಾನೊಬ್ಬಳು, ಜೊತೆಗೆ ಒಬ್ಬರು ಆಯಾ. ಹ್ಯಾಂಡೋವರ್ ಹತ್ತು ನಿಮಿಷದಲ್ಲಿ ಮುಗಿಯಿತು. ಬೆಡ್ 14 ಡಿಸಿಎಲ್‌ಡಿ, ಅಂದರೆ ಲಿವರ್ ಪೂರ್ತಿ ಕೈಕೊಟ್ಟ ಕೇಸ್, ಹಳೇ ಗಿರಾಕಿ, ಆರನೇ ದಿನ, ಹೊಟ್ಟೆ ನೀರು ತೆಗೆದಾಗಿದೆ, ‘ಸ್ಟೇಬಲ್’. ಈ ಸ್ಟೇಬಲ್ ಅನ್ನೋ ಪದ ಕಂಡುಹಿಡಿದವರು ನೈಟ್ ಡ್ಯೂಟಿ ಮಾಡಿದವರಲ್ಲ.

ಔಷಧಿ ಕೊಡಲು ಹೋದಾಗ ಆತ ಲ್ಯಾಕ್ಟುಲೋಸ್, ಹೊಟ್ಟೆ ಸಡಿಲಿಸುವ ಸಿರಪ್, ಬೇಡ ಎಂದರು. ಸಂಜೆಯಿಂದ ಎರಡು ಸಲ ಹೊಟ್ಟೆ ಹೋಗಿದೆಯಂತೆ. ಸರಿ, ಹೋಲ್ಡ್ ಮಾಡಿದೆ. ಅವರ ಹೆಂಡತಿ ಮೆಲ್ಲಗೆ, ‘ಕಪ್ಪಗಿತ್ತು ಸಿಸ್ಟರ್’ ಎಂದರು. ಚಾರ್ಟ್‌ನಲ್ಲಿ ಐರನ್ ಮಾತ್ರೆ ಇತ್ತು. ‘ಐರನ್ ತಗೊಂಡ್ರೆ ಹಾಗೇ ಅಮ್ಮ’ ಎಂದು ಮುಂದಿನ ಬೆಡ್‌ಗೆ ಹೋದೆ. ಯಾವ ಕಪ್ಪು ಎಂದು ಕೇಳಲಿಲ್ಲ. ಐರನ್ ಕಪ್ಪು ಸ್ವಲ್ಪ ಹಸಿರು ಬೆರೆತ ಕಪ್ಪು, ಸಾಮಾನ್ಯವಾಗಿ ಗಟ್ಟಿ. ಮೆಲೀನಾ, ಅಂದರೆ ಒಳಗೆ ರಕ್ತ ಸೋರಿದಾಗ ಬರುವ ಕಪ್ಪು ಮಲ, ಹಾಗಲ್ಲ. ಅದು ಡಾಂಬರಿನ ಹಾಗೆ ಹೊಳೆಯುತ್ತದೆ, ಅಂಟುತ್ತದೆ, ನಾತ ಒಂದು ಸಲ ಮೂಗಿಗೆ ಬಂದರೆ ಮರೆಯುವುದಿಲ್ಲ. ಎಂಟು ವರ್ಷದ ಸರ್ವಿಸ್‌ನಲ್ಲಿ ಎಷ್ಟು ಸಲ ನೋಡಿದ್ದೇನೆ, ಅವತ್ತು ಮಾತ್ರ ನೋಡಲು ಹೋಗಲಿಲ್ಲ.

ಇನ್ನೊಂದಿತ್ತು. ಶರ್ಟಿನ ಗುಂಡಿ ಒಂದು ತೂತು ಮೇಲೆ ಹಾಕಿಕೊಂಡಿದ್ದರು. ನಾನೇ ನಗುತ್ತಾ ಸರಿಮಾಡಿದೆ. ಹಗಲೆಲ್ಲಾ ಮಲಗಿ ರಾತ್ರಿ ಎದ್ದು ಕೂತಿರುತ್ತಾರೆ ಎಂದು ಹೆಂಡತಿ ಗೊಣಗಿದ್ದೂ ಕಿವಿಗೆ ಬಿದ್ದಿತ್ತು. ಎರಡೂ ತಲೆ ಮಂಕಾಗುತ್ತಿರುವ ಲಕ್ಷಣ, ನನಗೆ ಹೊಳೆಯಲಿಲ್ಲ. ಒಂದೂವರೆಗೆ ಆತ ಸುಮ್ಮನಾದಾಗ, ಅಬ್ಬಾ ಮಲಗಿದರು ಅನ್ನಿಸಿತು. ಬರೆದುಬಿಟ್ಟೆ.

ಮೂರು ಇಪ್ಪತ್ತಕ್ಕೆ ಆಕೆ ಓಡಿ ಬಂದರು. ‘ಬಸ್ಸು ಎಷ್ಟೊತ್ತಿಗೆ, ಟಿಕೆಟ್ ತಗೊಂಡ್ಯಾ ಅಂತ ಕೇಳ್ತಿದಾರೆ.’

ಕುಡಿತ ಬಿಟ್ಟದ್ದಕ್ಕೆ ಹೀಗೆ ಎಂದೇ ನನ್ನ ತಲೆಗೆ ಬಂದದ್ದು. ಆರು ದಿನದಿಂದ ವಾರ್ಡಿನಲ್ಲೇ ಇದ್ದಾರೆ, ಎರಡು ತಿಂಗಳಿಂದ ಒಂದು ಹನಿ ಮುಟ್ಟಿಲ್ಲ ಎಂದು ಕೇಸ್ ಶೀಟ್‌ನಲ್ಲೇ ಇದೆ, ಆದರೂ. ಎಸ್‌ಒಎಸ್‌ನಲ್ಲಿ, ಅಂದರೆ ಬೇಕಾದರೆ ಕೊಡಿ ಎಂದು, ನಿದ್ದೆ ಬರಿಸುವ ಲೊರಾಜೆಪಾಮ್ ಇತ್ತು. ಆಂಪೂಲ್ ಕೈಗೆ ತಗೊಂಡೆ. ಅದನ್ನು ಕೊಟ್ಟಿದ್ದರೆ ಆತ ಇನ್ನೂ ‘ಕಂಫರ್ಟಬಲ್’ ಆಗಿ ಮಲಗುತ್ತಿದ್ದರು, ಬೆಳಿಗ್ಗೆ ಎದ್ದೇಳುತ್ತಿದ್ದರೋ ಇಲ್ಲವೋ.

ನಡುಕ ನೋಡೋಣ ಎಂದು ಎರಡೂ ಕೈ ಮುಂದೆ ಚಾಚಿಸಿ, ಅಂಗೈ ಎತ್ತಿ ಹಿಡಿಯಿರಿ ಎಂದೆ. ನಡುಕ ಅಲ್ಲ ಅದು. ಮಣಿಕಟ್ಟು ಇದ್ದಕ್ಕಿದ್ದ ಹಾಗೆ ಕುಸಿಯಿತು, ಮತ್ತೆ ಎದ್ದಿತು, ಮತ್ತೆ ಕುಸಿಯಿತು. ಕರೆಂಟ್ ಹೋಗಿ ಬಂದ ಹಾಗೆ. ಲಿವರ್ ಕೆಟ್ಟು ವಿಷ ತಲೆಗೇರಿದ ಗುರುತು ಅದು. ಆಂಪೂಲ್ ಜೇಬಿಗೆ ಹಾಕಿ ಹೊದಿಕೆ ಎತ್ತಿದೆ. ನಾತ ಮೊದಲು ಬಂತು, ಕಪ್ಪು ಆಮೇಲೆ ಕಂಡಿತು.

ಪಲ್ಸ್ 122, ಬಿಪಿ 94/60, ಜಿಆರ್‌ಬಿಎಸ್ (ರಕ್ತದ ಸಕ್ಕರೆ) 110. ಕರುಳಲ್ಲಿ ರಕ್ತ ಸುರಿದಿದೆ, ಅದು ಅಲ್ಲೇ ಕೊಳೆತು ಅಮೋನಿಯಾ ಏರಿದೆ, ಕೆಟ್ಟ ಲಿವರ್ ಅದನ್ನು ತಡೆಯಲಾಗದೆ ತಲೆಗೆ ಬಿಟ್ಟಿದೆ. ಅದನ್ನು ಹೊರಗೆ ಹಾಕುವ ಸಿರಪ್ಪನ್ನೇ ನಾನು ‘ಲೂಸ್ ಮೋಷನ್’ ಎಂದು ನಿಲ್ಲಿಸಿದ್ದೆ! ಡ್ಯೂಟಿ ಡಾಕ್ಟರ್ ಬರುವಷ್ಟರಲ್ಲಿ ಎರಡು ದಪ್ಪ ಐವಿ ಲೈನ್ ಹಾಕಿ, ರಕ್ತ ಹೊಂದಿಸುವ ಕ್ರಾಸ್‌ಮ್ಯಾಚ್‌ಗೆ ಸ್ಯಾಂಪಲ್ ತೆಗೆದಿಟ್ಟೆ. ಎರಡನೇ ಲೈನ್ ಹಾಕುವಾಗ ನನ್ನ ಕೈಯೂ ನಡುಗುತ್ತಿತ್ತು. ರಕ್ತ ಸೋರುವುದನ್ನು ತಗ್ಗಿಸುವ ಆಕ್ಟ್ರಿಯೋಟೈಡ್ ಶುರುವಾಯಿತು. ನಮ್ಮಲ್ಲಿ ರಾತ್ರಿ ಸ್ಕೋಪಿ, ಅಂದರೆ ಕೊಳವೆ ಇಳಿಸಿ ಒಳಗೆ ನೋಡುವ ವ್ಯವಸ್ಥೆ, ಇಲ್ಲ, 108ರಲ್ಲಿ ಬೇರೆ ಆಸ್ಪತ್ರೆಗೆ ಕಳಿಸಿದೆವು. ಅಲ್ಲಿ ಬ್ಯಾಂಡಿಂಗ್ ಆಯಿತು, ರಕ್ತ ಸೋರುವ ನಾಳಕ್ಕೆ ರಬ್ಬರ್ ಬ್ಯಾಂಡ್ ಬಿಗಿದರು, ಆತ ಬದುಕಿದರು.

ಬೆಳಿಗ್ಗೆ ಎಲ್ಲರೆದುರು ಬೈಸಿಕೊಂಡೆ. ಬೈಯಲಿ, ತಪ್ಪು ನನ್ನದೇ. ಆದರೆ ಹೊಸ ಸಾಫ್ಟ್‌ವೇರ್‌ನಲ್ಲಿ ಮೋಷನ್ ಎಂದರೆ ‘ಪಾಸ್ಡ್’, ‘ನಾಟ್ ಪಾಸ್ಡ್’ ಎರಡೇ ಇವೆ. ಬಣ್ಣ ಬರೆಯಲು ಜಾಗವೇ ಇಲ್ಲ. ಊಟಕ್ಕೆ ಮಾತ್ರ ಒಂಬತ್ತು ಆಯ್ಕೆ, ಇಡ್ಲಿಗೂ ಗಂಜಿಗೂ ಬೇರೆ ಬೇರೆ. ಐಟಿಯವರಿಗೆ ಮೂರು ಸಲ ಹೇಳಿದೆ. ‘ನೆಕ್ಸ್ಟ್ ಅಪ್‌ಡೇಟ್‌ನಲ್ಲಿ ಮೇಡಂ’.

ರಿಮಾರ್ಕ್ಸ್‌ನಲ್ಲಿ 30 ಅಕ್ಷರ ಹಿಡಿಯುತ್ತದೆ. ‘ಕಪ್ಪು, ಅಂಟು, ನಾತ ಇದೆ’ ಅದರಲ್ಲಿ ಆರಾಮಾಗಿ ಕೂರುತ್ತದೆ.