ತಾ||, ಜಿ||, ಹೋ||: ಎಲ್ಲಾ ಒಂದೇ ಏಟಿಗೆ

14 ಜೂನ್ 2025, ಶನಿವಾರ, ತುಮಕೂರು

ತೆಂಗು ಬೆಳೆಗಾರರ ಸಂಘವೊಂದರ ವಿಳಾಸಪಟ್ಟಿ ಕೆಲಸ ಇವತ್ತು ಮುಗಿಯಿತು. ತಿಪಟೂರು, ಗುಬ್ಬಿ, ಶಿರಾ ಕಡೆಯವರೇ ಜಾಸ್ತಿ. ಟೈಪ್ ಮಾಡಿದವರು ತಾ||, ಜಿ||, ಹೋ||, ಗ್ರಾ||ಪಂ|| ಅಂತ ಚುಟುಕಾಗಿ ಹಾಕಿದ್ದಾರೆ. ಲಕೋಟೆ ಮೇಲೆ ಪೂರ್ತಿ ಪದ ಬರಬೇಕು.

ಪೈಥಾನ್‌ನಲ್ಲಿ (ಪ್ರೋಗ್ರಾಮಿಂಗ್ ಭಾಷೆ) ಒಂದರ ಹಿಂದೆ ಒಂದು ರಿಪ್ಲೇಸ್ (ಹಳೇ ಪದ ತೆಗೆದು ಹೊಸದು ಹಾಕುವ ಆಜ್ಞೆ) ಪೇರಿಸಿದರೆ ಆಯ್ತಲ್ವಾ? ನಾಲ್ಕೈದು ಪದಕ್ಕೆ ಆಯ್ತು. ಆದರೆ ಸಂಘದವರು ‘ಅ’ ವಲಯವನ್ನು ‘ಬ’ ಮಾಡಿ, ‘ಬ’ ವಲಯವನ್ನು ‘ಅ’ ಮಾಡಿ ಅಂದಿದ್ದಾರೆ. ಮೊದಲ ರಿಪ್ಲೇಸ್ ಮುಗಿದರೆ ಊರೆಲ್ಲಾ ‘ಬ’. ಎರಡನೆಯದು ಮುಗಿದರೆ ಊರೆಲ್ಲಾ ‘ಅ’!

ಹಾಗಾಗಿ ಹಳೇದು, ಹೊಸದು ಜೋಡಿಗಳನ್ನು ಪೈಥಾನ್ ಡಿಕ್ಷನರಿಗೆ (ಜೋಡಿಗಳ ಪಟ್ಟಿ) ಹಾಕಿದೆ. ಹಳೇವನ್ನೆಲ್ಲಾ ಸೇರಿಸಿ ಒಂದೇ ರೆಜೆಕ್ಸ್ (ಪಠ್ಯದಲ್ಲಿ ಹುಡುಕಬೇಕಾದ ಮಾದರಿ) ಮಾಡಿ, ಸಬ್‌ಗೆ (ಹೊಂದಿದ್ದನ್ನು ಬದಲಿಸುವ ಆಜ್ಞೆ) ಸ್ಟ್ರಿಂಗ್ (ನೇರ ಪಠ್ಯ) ಬದಲು ಫಂಕ್ಷನ್ (ಪುಟ್ಟ ಕೋಡ್ ತುಣುಕು) ಕೊಟ್ಟೆ. ಸಿಕ್ಕಿದ ಪದಕ್ಕೆ ಜೋಡಿ ಯಾವುದು ಅಂತ ಅದು ಡಿಕ್ಷನರಿಯಲ್ಲಿ ನೋಡಿ ಕೊಡುತ್ತದೆ. ಪಠ್ಯದ ಮೇಲೆ ಒಂದೇ ಸಲ ಓಡಾಟ, ಒಮ್ಮೆ ಬದಲಾದದ್ದನ್ನು ಮತ್ತೆ ಮುಟ್ಟುವುದಿಲ್ಲ.

ಉದ್ದದ ಪದಗಳು ಮೊದಲು ಬರುವಂತೆ ಜೋಡಿಸಲೇಬೇಕು. ರೆಜೆಕ್ಸ್ ಎಡದಿಂದ ಮೊದಲು ಹೊಂದಿದ್ದನ್ನೇ ಹಿಡಿಯುತ್ತದೆ. ಗ್ರಾ|| ಮುಂದಿದ್ದರೆ ಗ್ರಾ||ಪಂ|| ಹೋಗಿ ‘ಗ್ರಾಮಪಂ||’ ಅನ್ನೋ ವಿಚಿತ್ರ ಪದ ಬರುತ್ತದೆ. ಇನ್ನು ಆ ಎರಡು ಗೀಟು. ನಮಗೆ ಅದು ಸಂಕ್ಷೇಪದ ಗುರುತು, ರೆಜೆಕ್ಸ್‌ಗೆ ‘ಅಥವಾ’. ಹಾಗೇ ಬಿಟ್ಟರೆ ‘ತಾ ಅಥವಾ ಏನೂ ಇಲ್ಲ’ ಅಂತ ಓದಿಕೊಂಡು, ಖಾಲಿ ಜಾಗವೂ ಹೊಂದಿತು ಅನ್ನುತ್ತದೆ. ಪ್ರತಿ ಪದವನ್ನೂ ಎಸ್ಕೇಪ್ ಮಾಡಿದರೆ, ಅಂದರೆ ಗೀಟನ್ನು ಬರೀ ಗೀಟು ಅಂತಲೇ ಓದಿಸಿದರೆ, ಈ ಕಾಟ ಇಲ್ಲ.

ಜಾಸ್ತಿ ಹೊತ್ತು ಹಿಡಿದದ್ದು ಶಿರಾ. ಕೆಲವರು ‘ಸಿರಾ’ ಅಂತ ಬರೆದಿದ್ದಾರೆ. ಸುಮ್ನೆ ಬದಲಿಸಿದರೆ ಪಟ್ಟಿಯಲ್ಲಿರುವ ಸಿರಾಜ್ ಎಲ್ಲರೂ ‘ಶಿರಾಜ್’ ಆಗಿಬಿಡುತ್ತಾರೆ. ರೆಜೆಕ್ಸ್‌ನಲ್ಲಿ ಪದದ ಅಂಚು ಹೇಳುವ ಬ್ಯಾಕ್‌ಸ್ಲ್ಯಾಶ್-ಬಿ (\b) ಇಲ್ಲಿ ಕೈಕೊಡುತ್ತದೆ. ಪೈಥಾನ್‌ನ ರೀ ಮಾಡ್ಯೂಲ್ (ರೆಜೆಕ್ಸ್ ಓಡಿಸುವ ಭಾಗ) ಕನ್ನಡದ ಸ್ವರಚಿಹ್ನೆಗಳನ್ನು ಅಕ್ಷರ ಅಂತ ಎಣಿಸುವುದೇ ಇಲ್ಲ. ‘ಸಿರಾ’ ಮುಗಿಯುವುದು ದೀರ್ಘದ ಚಿಹ್ನೆಯಲ್ಲಿ, ಅದರ ಪಕ್ಕ ಖಾಲಿ ಜಾಗ. ಎರಡೂ ಅಕ್ಷರವಲ್ಲ ಅಂದಮೇಲೆ ಅಂಚು ಎಲ್ಲಿಂದ ಬರಬೇಕು? ಆಚೆ ಈಚೆ ಕನ್ನಡದ ಯೂನಿಕೋಡ್ ಸಾಲಿನ (ಕಂಪ್ಯೂಟರ್ ಕನ್ನಡ ಲಿಪಿಗೆ ಕೊಟ್ಟ ಸಂಖ್ಯೆಗಳ ಸಾಲು) ಯಾವ ಗುರುತೂ ಇರಬಾರದು ಅಂತ ನಾವೇ ಷರತ್ತು ಹಾಕಬೇಕು. ಕನ್ನಡದಲ್ಲಿ ಸ್ಕ್ರಿಪ್ಟ್ ಬರೆಯುವವರಿಗೆ ಇದನ್ನು ಮೊದಲ ಪಾಠದಲ್ಲೇ ಹೇಳಬೇಕು.

ಇಂಗ್ಲಿಷ್‌ನಲ್ಲಿ ‘ಟುಮ್ಕೂರ್’ ಅಂತ ಬರೆದವರೂ ಇದ್ದರು. 2014ರ ನವೆಂಬರ್ 1ರಿಂದ ಇಂಗ್ಲಿಷ್‌ನಲ್ಲೂ ತುಮಕೂರು ಅಂತಲೇ ಅಧಿಕೃತ, ಆದರೂ ಕೈ ಹಳೇ ರೂಢಿ ಬಿಡುವುದಿಲ್ಲ. ಅದೂ ಡಿಕ್ಷನರಿಗೆ ಹೋಯಿತು. ಮನೆ ನಂಬರಿನ ೧, ೨, ೩ಗಳನ್ನು 1, 2, 3 ಮಾಡಲು ಮಾತ್ರ ರೆಜೆಕ್ಸ್ ಬೇಡ, ಒಂದೊಂದೇ ಅಕ್ಷರದ ಅದಲುಬದಲಿಗೆ ಪೈಥಾನ್‌ನದೇ ಟ್ರಾನ್ಸ್‌ಲೇಟ್ ಸಾಕು. ಸೋಮವಾರ ಲೇಬಲ್ ಪ್ರಿಂಟಿಗೆ ಹೋಗುತ್ತದೆ.