ಮಲ್ಲಿಕಾರ್ಜುನರ ಹೆಸರು ಸರಿಮಾಡಿದ ದಿನ

ಕಲಬುರಗಿ ಗಂಜ್‌ನ ಒಂದು ಅಡತಿ (ರೈತರ ಮಾಲು ಮಾರಿಸಿಕೊಡುವ) ಅಂಗಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ತೊಗರಿ ಸುಗ್ಗಿ ಶುರುವಾಯಿತೆಂದರೆ ನಮಗೆ ಊಟಕ್ಕೂ ಹೊತ್ತು ಸಿಗುವುದಿಲ್ಲ. ತೂಕ ಆದ ಕೂಡಲೇ ರೈತರ ಕೈಗೆ ಪಟ್ಟಿ ಕೊಡಬೇಕು. ಎಷ್ಟು ಚೀಲ, ಎಷ್ಟು ಕ್ವಿಂಟಲ್, ಏನು ದರ, ಕೈಗೆ ಬರೋದೆಷ್ಟು ಎಲ್ಲ ಅದರಲ್ಲಿರಬೇಕು. ಆ ಪಟ್ಟಿ ಬರುತ್ತಿದ್ದದ್ದು ಒಂದು ಹಳೇ ಕಂಪ್ಯೂಟರ್‌ನಿಂದ. ವಿಂಡೋಸ್ ಎಕ್ಸ್‌ಪಿ ಕಾಲದ್ದು. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರಲ್ಲೇ ಬೆಂಬಲ ನಿಲ್ಲಿಸಿತ್ತು. ಆಮೇಲೂ ನಾವು ಅದರಲ್ಲೇ ನಡೆಸಿಕೊಂಡು ಬಂದಿದ್ದೆವು.

ಜನವರಿಯ ಒಂದು ಸಂಜೆ ಅದು ನಿಂತುಬಿಟ್ಟಿತು. ಅಂಗಡಿ ಮುಂದೆ ರೈತರು ಕಾಯುತ್ತಾ ಕೂತಿದ್ದರು. ಅಫಜಲಪುರ ಕಡೆಯ ಒಬ್ಬ ಮುತ್ಯಾ ಎರಡು ಸಲ ಒಳಗೆ ಬಂದು, "ಯವ್ವಾ, ನಂದು ಆತೇನ? ಬಸ್ ಹೋಗ್ತದ" ಎಂದರು. ಕೈಯಲ್ಲಿ ಪಟ್ಟಿ ಬರೆಯಲು ಕೂತೆ. ಆದರೆ ಅವರು ಮೊದಲು ತಗೊಂಡ ದುಡ್ಡಿನ ಲೆಕ್ಕ ಆ ಪೆಟ್ಟಿಗೆಯೊಳಗೇ ಇತ್ತು. ಬಸ್ ಹೋಯಿತು. ಆ ಚಳಿಯಲ್ಲಿ ಮುತ್ಯಾ ಅಂಗಡಿ ಕಟ್ಟೆ ಮೇಲೆ ಖಾಲಿ ಚೀಲ ಹಾಸಿಕೊಂಡು ಮಲಗಿದರು. ಮನೆಗೆ ಹೋದ ಮೇಲೂ ನನಗೆ ನಿದ್ದೆ ಬರಲಿಲ್ಲ.

ಮರುದಿನ ಅದು ಹೇಗೋ ಮತ್ತೆ ಶುರುವಾಯಿತು. ಆದರೂ ಸಾವ್ಕಾರರಿಗೆ ಹೇಳಿದೆ, "ಇನ್ನ ಇದು ಬ್ಯಾಡ್ರಿ." ಅವರು ಒಪ್ಪಿದರು. ಏಪ್ರಿಲ್ 1ರ ಹೊಸ ಲೆಕ್ಕ ಹೊಸ ಕಂಪ್ಯೂಟರ್‌ನಲ್ಲೇ ಆಗಲಿ ಅಂತ ಮಾತಾಯಿತು.

ಮಾರ್ಚ್ ಕೊನೆಯ ಒಂದು ಭಾನುವಾರ ಕೂತೆವು. ಯಂತ್ರ ಜೋಡಿಸಿದ್ದು, ಸಾಫ್ಟ್‌ವೇರ್ ಹಾಕಿದ್ದು ಬೇಗ ಮುಗಿಯಿತು. ತೊಡಕಾಗಿದ್ದು ಹೆಸರುಗಳಲ್ಲಿ.

ಹಳೆಯದರಲ್ಲಿ ರೈತರ ಹೆಸರೆಲ್ಲ ನುಡಿ ಅನ್ನೋ ಕನ್ನಡ ಬರೆಯುವ ಸಾಫ್ಟ್‌ವೇರ್‌ನ ಹಳೇ ಫಾಂಟ್‌ನಲ್ಲಿದ್ದವು. ಕಂಪ್ಯೂಟರ್ ಪ್ರತಿ ಅಕ್ಷರವನ್ನೂ ಒಂದು ಸಂಖ್ಯೆಯಾಗಿ ಇಡುತ್ತದೆ. ಆ ಫಾಂಟ್‌ನಲ್ಲಿ ಪರದೆ ಮೇಲೆ ಕಾಣೋದು ಕನ್ನಡ, ಒಳಗಿರೋದು ಇಂಗ್ಲಿಷ್, ಯುರೋಪಿನ ಅಕ್ಷರಗಳ ಸಂಖ್ಯೆ. ಫಾಂಟ್ ತೆಗೆದರೆ ಕನ್ನಡವೂ ಹೋಯಿತು. ಹೊಸದು ಯುನಿಕೋಡ್. ಅದರಲ್ಲಿ ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಖ್ಯೆ ಇದೆ. ಒಂದರಿಂದ ಇನ್ನೊಂದಕ್ಕೆ ಬದಲಿಸುವ ಪ್ರೋಗ್ರಾಮ್‌ಗೆ ಹೆಸರುಗಳನ್ನು ಹಾಕಿದೆವು. ಶರಣಪ್ಪ ಬಂದರು. ಭೀಮಬಾಯಿ ಬಂದರು. ಮಲ್ಲಿಕಾರ್ಜುನ ಬರಲಿಲ್ಲ.

'ಮಲ್ಲಿಕಾಜು' ಅಂತ ಬಂದು, ನಡುವೆ ಯಾವುದೋ ಪರದೇಶದ ಅಕ್ಷರ ಕೂತು, ಆಮೇಲೆ 'ನ' ಇತ್ತು. ಸೂರ್ಯಕಾಂತ, ಧರ್ಮಣ್ಣ, ಎಲ್ಲ ಹಾಗೇ. ಕಾರಣ ಅರ್ಕಾವತ್ತು. ನಾವು ಕೈಯಲ್ಲಿ ಬರೆಯುವಾಗ 'ಜು' ಬರೆದು ಆಮೇಲೆ ಅದರ ಬಲಕ್ಕೆ ಅರ್ಕಾವತ್ತು ಹಾಕುತ್ತೇವಲ್ವಾ, ಹಳೇ ಫಾಂಟ್‌ನ ಕ್ರಮವೂ ಅದೇ. ಯುನಿಕೋಡ್‌ನಲ್ಲಿ ಉಚ್ಚಾರದ ಹಾಗೆ 'ರ್' ಮೊದಲು ಬರಬೇಕು. ಆ ಪ್ರೋಗ್ರಾಮ್ ಅದನ್ನು ಮುಂದಕ್ಕೆ ತಂದಿರಲಿಲ್ಲ. ನಮ್ಮ ಸೀಮೆಯಲ್ಲಿ ಮಲ್ಲಿಕಾರ್ಜುನ ಇಲ್ಲದ ಊರು ಯಾವುದಿದೆ? 2019ರಲ್ಲಿ ಇಲ್ಲಿಯ ತೊಗರಿ ಬೇಳೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ಬೇಳೆಗೆ ಅಷ್ಟು ಹೆಸರು ಬಂದಿರುವಾಗ ಬೆಳೆದವರ ಹೆಸರು ಕೆಟ್ಟು ಬರಬಾರದು ಅಂತ ನನಗೆ ಹಟ ಬಂತು. ಒಂದೊಂದೇ ತಿದ್ದುತ್ತಾ ಹೋದೆ.

ಅಷ್ಟರಲ್ಲಿ ಕಂಪ್ಯೂಟರ್ ಹುಡುಗ, "ಮೇಡಂ, ಜೇವರ್ಗಿ ಕಡೀದು ಒಂದೇ ಹೆಸ್ರು ಎರಡು ಸಲ ಅದ. ಒಂದು ತೆಗೀಲೇನ್ರಿ?" ಎಂದ. ನೋಡಿದೆ. ಅದೇ ಊರು, ಅದೇ ಹೆಸರು, ಅದೇ ಅಪ್ಪನ ಹೆಸರು. ತೆಗಿ ಅನ್ನುವವಳಿದ್ದೆ.

"ತಡೀರಿ," ಎಂದರು ಅಂಗಡಿಯ ಹಳೇ ಗುಮಾಸ್ತ ಮುನೀಮ ಕಾಕಾ. ಕನ್ನಡಕ ಹಣೆಗೆ ಏರಿಸಿ, ಪರದೆಗೆ ಮುಖ ಹತ್ತಿರ ತಂದರು. "ಇಬ್ಬರು ಬ್ಯಾರೆ ಬ್ಯಾರೆ ಅದಾರ. ಇಂವ ಬಾವಿ ಮನಿಯವ. ಇಂವ ಓಣಿ ತುದಿ ಮನಿಯವ. ಬಾವಿ ಮನಿಯವಂದು ಬಾಕಿ ಅದ, ಇವಂದು ಒಂದು ಪೈಸಾ ಇಲ್ಲ."

ಹಳೇ ಪ್ರೋಗ್ರಾಮ್‌ನಲ್ಲಿ ಹೆಸರಿಗೆ ಜಾಗ ಕಮ್ಮಿ. ಒಂದು ಒತ್ತಕ್ಷರವೇ ಎರಡು ಮೂರು ಅಕ್ಷರದ ಜಾಗ ತಿನ್ನುತ್ತಿತ್ತು. ಮನೆತನದ ಹೆಸರು ಹಿಡಿಸದೆ ಕತ್ತರಿಸಿ ಹೋಗಿತ್ತು. ಇಷ್ಟು ವರ್ಷ ಆ ಇಬ್ಬರನ್ನು ಬೇರೆ ಬೇರೆ ಇಟ್ಟದ್ದು ಕಾಕಾರ ನೆನಪು ಮಾತ್ರ. ಆ ದಿನ ಅವರು ರಜೆ ಹಾಕಿದ್ದರೆ ಒಬ್ಬರ ಸಾಲ ಇನ್ನೊಬ್ಬರ ತಲೆ ಮೇಲೆ ಕೂರುತ್ತಿತ್ತು. ನೆನೆಸಿಕೊಂಡರೆ ಈಗಲೂ ಎದೆ ಝಲ್ ಎನ್ನುತ್ತದೆ.

ಆಮೇಲೆ ಕೆಲಸದ ರೀತಿಯೇ ಬದಲಾಯಿತು. ನಾನು ಹೆಸರು ಗಟ್ಟಿಯಾಗಿ ಓದುವುದು, ಕಾಕಾ ಮನೆತನ ಹೇಳುವುದು, ಹುಡುಗ ಹೊಡೆಯುವುದು. ಪ್ರತಿಯೊಬ್ಬರ ಮುಂದೆ ಮನೆತನ, ಮೊಬೈಲ್ ನಂಬರ್ ಸೇರಿದವು. ಹೊರಗೆ ಕೆಂಡದಂಥ ಬಿಸಿಲು. ಮುಗಿದಾಗ ರಾತ್ರಿ ಹತ್ತಾಗಿತ್ತು.

ಹಳೇ ಕಂಪ್ಯೂಟರ್ ಈಗ ಕಪಾಟಿನ ಕೆಳಗಿದೆ. ಗುಜರಿಗೆ ಕೊಟ್ಟಿಲ್ಲ. ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೇ ದಿನದಿಂದ 72 ತಿಂಗಳು ಲೆಕ್ಕದ ದಾಖಲೆ ಇಡಬೇಕು ಅನ್ನುತ್ತದೆ ಜಿಎಸ್‌ಟಿ ಕಾಯ್ದೆ. ಡೇಟಾದ ಎರಡು ಪ್ರತಿ ಬೇರೆ ಬೇರೆ ಕಡೆ ಇಟ್ಟಿದ್ದೇವೆ.

ಏಪ್ರಿಲ್‌ನಲ್ಲಿ ಅಫಜಲಪುರದ ಮುತ್ಯಾ ಮತ್ತೆ ಬಂದರು. ದರ ಏರಲಿ ಅಂತ ಇಟ್ಟುಕೊಂಡಿದ್ದ ನಾಲ್ಕು ಚೀಲ ತಂದಿದ್ದರು. ತೂಕ ಮುಗಿದು ಅವರು ಒಳಗೆ ಬರುವುದರೊಳಗೆ ಪಟ್ಟಿ ಸಿದ್ಧವಿತ್ತು. ಮಡಚಿ ಜೇಬಿಗೆ ಇಟ್ಟುಕೊಂಡು, ಗೋಡೆ ಗಡಿಯಾರ ನೋಡಿದರು.

"ಬಸ್ಸಿಗಿ ಇನ್ನ ಭಾಳ ಹೊತ್ತದ. ಛಾ ತರಸ್ರಿ ಯವ್ವಾ, ಕುಡದೇ ಹೋಗ್ತೀನಿ."